ಒಂದಳತೆಯವನು ಎರಡನೇ ಸಲ ಅಳೆದ ದಿನ

ಲೋಕದಲ್ಲಿ ಗಾಜು ಕೊಯ್ಯುವವರೆಲ್ಲ ಎರಡು ಸಲ ಅಳೆಯುತ್ತಾರೆ. ಕೆಲವರು ಮೂರು ಸಲ. ಇನ್ನು ಕೆಲವು ಅನುಮಾನದ ಪ್ರಾಣಿಗಳು ಅಳೆದು, ಬರೆದುಕೊಂಡು, ಮನೆಗೆ ಹೋಗಿ ಊಟ ಮಾಡಿ, ಕೈ ಒರೆಸಿಕೊಳ್ಳುತ್ತಾ ವಾಪಸು ಬಂದು ಮತ್ತೆ ಅಳೆಯುತ್ತಾರೆ. ಇಂಥ ಲೋಕದಲ್ಲಿ, ಪೇಟೆಬೀದಿಯ ಮೂಲೆಯಂಗಡಿಯ ಗಾಜಿನವನೊಬ್ಬ ಮಾತ್ರ ಒಂದೇ ಸಲ ಅಳೆಯುತ್ತಿದ್ದ. ಏಣಿ ಒರಗಿಸಿ, ಹತ್ತಿ, ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ, ಎಡಗಣ್ಣು ಮುಚ್ಚಿ, ಟೇಪನ್ನು ಸರ್ರನೆ ಎಳೆದು ಸರ್ರನೆ ಬಿಟ್ಟು, ಇಳಿದುಬಿಡುತ್ತಿದ್ದ. ಗೋಡೆಗೆ ಎರಡು ಚುಕ್ಕೆ ಇಟ್ಟರೆ ಇಟ್ಟ, ಕಾಗದದ ಮೇಲೆ ಒಂದಂಕಿ ಬರೆದದ್ದನ್ನು ಕಂಡವರಿಲ್ಲ. ಇಳಿದವನೇ ಒಂದು ಲೋಟ ನೀರು ಕೇಳಿ, ಗಟಗಟ ಕುಡಿದು, ನಡೆದುಬಿಡುತ್ತಿದ್ದ. ಅಳತೆ ತಲೆಯಲ್ಲಿ ಕೂತಿತೆಂದರೆ ಕಲ್ಲಿನಲ್ಲಿ ಕೊರೆದ ಹಾಗೆ.

ಈ ಒಂದು ಅಭ್ಯಾಸದಿಂದ ಅವನಿಗೆ ಒಂದಳತೆ ಎಂಬ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು.

ಹೆಸರು ಬಿದ್ದ ಮೇಲೆ ಕತೆಗಳಿಗೇನು ಬರ? ಒಮ್ಮೆ ಡಾಕ್ಟರ ಮನೆಯ ಕಿಟಕಿಗೆ ಅಳತೆ ತೆಗೆದುಕೊಂಡು ಬಂದವನು ಹದಿನೆಂಟು ದಿನ ಜ್ವರದಲ್ಲಿ ಮಲಗಿ, ಎದ್ದವನೇ ಗಾಜು ಕೊಯ್ದು ಕೂರಿಸಿದನಂತೆ. ಗಾಜಿಗೂ ಚೌಕಟ್ಟಿಗೂ ನಡುವೆ ಇರುವೆಯೊಂದು ದಾರಿ ಹುಡುಕಿ ಸೋತು ಹೋಯಿತಂತೆ. ಓಡುವ ಬಸ್ಸಿನಿಂದಲೇ ಶಾಲೆಯ ಕಿಟಕಿಗಳನ್ನು ಕಣ್ಣಲ್ಲೇ ಅಳೆದನಂತೆ. ಹೆಂಡತಿಯನ್ನು ನೋಡಲು ಹೋದಾಗಲೂ ಒಂದೇ ಸಲ ನೋಡಿ ಸರಿ ಅಂದನಂತೆ. ಇದರಲ್ಲಿ ಕೊನೆಯದನ್ನು ಹೆಂಡತಿಯೇ ಒಪ್ಪಿಕೊಂಡಿದ್ದಳು. "ಅವರು ಒಂದ್ಸಲ ನೋಡಿದ್ದು ಸಾಕಾಯ್ತು, ನಾನು ಎರಡ್ಸಲ ನೋಡ್ಬೇಕಿತ್ತು" ಎಂದು ನಗುತ್ತಿದ್ದಳು.

ಯಾಕೆ ಒಂದೇ ಸಲ ಎಂಬುದಕ್ಕೆ ಊರಿನಲ್ಲಿ ಬಗೆಬಗೆಯ ವಾದಗಳಿದ್ದವು. ಎದುರಂಗಡಿಯ ಕ್ಷೌರಿಕನ ಪ್ರಕಾರ ಅದು ಕೆಲಸ ಕಲಿಸಿದ ಗುರುವಿನ ಶಾಪ, ಎರಡನೇ ಸಲ ಅಳೆದರೆ ಕೈ ಬಿದ್ದುಹೋಗುತ್ತದೆ. ನಿವೃತ್ತ ಹೆಡ್‌ಮಾಸ್ಟರರ ಪ್ರಕಾರ ಅದು ಆತ್ಮವಿಶ್ವಾಸ. ಅವರು ಯಾವ ಸಭೆಯಲ್ಲಿ ಮೈಕು ಸಿಕ್ಕಿದರೂ, ಅದು ಹೊಸ ಚರಂಡಿಯ ಉದ್ಘಾಟನೆಯಾದರೂ ಸರಿ, "ನಮ್ಮೂರಲ್ಲೇ ಇದ್ದಾನೆ ನೋಡಿ, ತನ್ನನ್ನು ತಾನು ನಂಬಿದ ಮನುಷ್ಯ" ಎಂದು ಶುರು ಮಾಡುತ್ತಿದ್ದರು. ಖುದ್ದು ಒಂದಳತೆಯನ್ನೇ ಕೇಳಿದವರೂ ಉಂಟು. ಆದರೆ ಕೇಳುವ ಹೊತ್ತಿಗೆ ಅವನು ಏಣಿಯ ಮೇಲಿರುತ್ತಿದ್ದ, ಬಾಯಲ್ಲಿ ಪೆನ್ಸಿಲ್ ಇರುತ್ತಿತ್ತು. "ಹೂಂ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಯಾರಿಗೂ ಸಿಕ್ಕಿರಲಿಲ್ಲ. ಆ ಹೂಂಕಾರದಲ್ಲೇ ಹೆಡ್‌ಮಾಸ್ಟರರು ಗಹನವಾದ ಅರ್ಥ ಕಂಡಿದ್ದರು.

ಇಂಥ ಒಂದಳತೆಯ ಕೀರ್ತಿಗೆ ಮಣ್ಣು ಹಾಕಲು ಹೊರಟದ್ದು ಪೇಟೆಬೀದಿಯ ಹಳೇ ಲಾಡ್ಜ್.

ಮೂರಂತಸ್ತಿನ ಕಟ್ಟಡ. ಒಂದು ಕಾಲದಲ್ಲಿ ಪ್ರವಾಸಿಗಳು ತಂಗುತ್ತಿದ್ದರು. ಈಗ ಮೇಲಿನ ಎರಡು ಅಂತಸ್ತಿನಲ್ಲಿ ಪಾರಿವಾಳಗಳು ಯಾರಿಗೂ ಹೇಳದೆ ಕೇಳದೆ ಸಂಸಾರ ಹೂಡಿದ್ದವು. ಚಾವಣಿಯ ಮೂಲೆಯಲ್ಲಿ ಒಂದು ಮರ ಹುಟ್ಟಿ, ಬೆಳೆದು, ಬೀದಿಗೆ ನೆರಳು ಕೊಡುವಷ್ಟು ದೊಡ್ಡ ಮನುಷ್ಯನಾಗಿತ್ತು. ಬಾಲ್ಕನಿ ಬೀದಿಯ ಕಡೆ ಬಾಗಿ, ಹೋಗಿಬರುವವರ ಮಾತಿಗೆ ಕಿವಿಗೊಟ್ಟ ಹಾಗೆ ನಿಂತಿತ್ತು. ವಾರಸುದಾರರು ಹನ್ನೊಂದು ಮಂದಿ ದಾಯಾದಿಗಳು. ಐವರು ರಿಪೇರಿ ಮಾಡಿಸೋಣ ಅಂದರೆ ಆರು ಮಂದಿ ಕೆಡವೋಣ ಅನ್ನುವರು; ಆರು ಮಂದಿ ಕೆಡವಲು ಹೊರಟರೆ ಅದರಲ್ಲೇ ಇಬ್ಬರು ಮುನಿಸಿಕೊಂಡು ರಿಪೇರಿಯ ಕಡೆ ಹಾರುವರು. ಕಟ್ಟಡ ಮಾತ್ರ ಯಾರ ಒಪ್ಪಿಗೆಗೂ ಕಾಯದೆ ತನ್ನ ಪಾಡಿಗೆ ತಾನು ಬಿರುಕು ಬಿಡುತ್ತಿತ್ತು. ಪುರಸಭೆಯವರು ಗೋಡೆಗೆ ಒಂದು ಫಲಕ ಹೊಡೆದಿದ್ದರು: "ಅಪಾಯ. ಇಲ್ಲಿ ನಿಲ್ಲಬಾರದು." ಅಕ್ಷರ ತೀರಾ ಸಣ್ಣದಾದ್ದರಿಂದ ಅದನ್ನು ಓದಲು ಕಟ್ಟಡದ ಬುಡದಲ್ಲೇ ನಿಲ್ಲಬೇಕಾಗಿತ್ತು.

ಆ ಫಲಕದ ಪಕ್ಕದ ಬಾಗಿಲೇ ಅಕ್ಕನ ಹೊಲಿಗೆ ಅಂಗಡಿ. ಇಡೀ ಕಟ್ಟಡದಲ್ಲಿ ಉಳಿದಿದ್ದ ಒಂದೇ ನರಪಿಳ್ಳೆ ಒಂದಳತೆಯ ಅಕ್ಕ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ಅವನಿಗೆ ತುತ್ತಿಟ್ಟದ್ದೂ, ಅಂಗಿ ಹೊಲಿದದ್ದೂ, ಕಿವಿ ಹಿಂಡಿದ್ದೂ ಅವಳೇ. ಮೊದಲೆರಡನ್ನು ಕಾಲಕ್ರಮದಲ್ಲಿ ಅವನ ಹೆಂಡತಿಗೆ ಬಿಟ್ಟುಕೊಟ್ಟಿದ್ದಳು. ಮೂರನೆಯದರ ಹಕ್ಕನ್ನು ಯಾರಿಗೂ ಬಿಟ್ಟಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಅದೇ ಕೋಣೆ, ಅದೇ ಕಾಲುಮಿಷಿನ್, ಅದೇ ಆಳೆತ್ತರದ ಕನ್ನಡಿ. ಕನ್ನಡಿ ತಮ್ಮನೇ ಕೂರಿಸಿಕೊಟ್ಟದ್ದು. ಅಕ್ಕ ಅಳತೆಯ ವಿಷಯದಲ್ಲಿ ತಮ್ಮನಿಗೆ ತದ್ವಿರುದ್ಧ. ಭುಜ ಮೂರು ಸಲ, ಎದೆ ಮೂರು ಸಲ, ಗಿರಾಕಿ ಉಸಿರು ಬಿಟ್ಟ ಮೇಲೆ ಹೊಟ್ಟೆ ಮತ್ತೊಂದು ಸಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಟೇಪಿನ ಮೇಲೆ ಇಷ್ಟು ಭಿನ್ನಾಭಿಪ್ರಾಯ ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಒಂದು ದಿನ ಬಾಲ್ಕನಿಯ ಮೂಲೆ ಕಳಚಿ ಪುರಸಭೆ ಅಧ್ಯಕ್ಷರ ಕಾರಿನ ಬಾನೆಟ್ಟಿನ ಮೇಲೆ ಬಿತ್ತು. ಅಲ್ಲಿಯವರೆಗೆ ತರಕಾರಿ ಗಾಡಿ, ಸೈಕಲ್ಲು, ಒಬ್ಬ ಗುಮಾಸ್ತನ ಕೊಡೆ ಇವುಗಳ ಮೇಲೆ ಬಿದ್ದಾಗ ಅದು ಕಟ್ಟಡದ ಸ್ವಭಾವವಾಗಿತ್ತು. ಬಾನೆಟ್ಟಿನ ಮೇಲೆ ಬಿದ್ದ ಕ್ಷಣದಿಂದ ಅದು ಸಮಸ್ಯೆಯಾಯಿತು. ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಎಂಜಿನಿಯರನ್ನು ಕಳಿಸಿದರು. ಅವನು ಬಿರುಕುಗಳನ್ನೆಲ್ಲ ಸುತ್ತಿ ನೋಡಿ, ದೊಡ್ಡ ಐದು ಬಿರುಕುಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಬೇಕೆಂದ. ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. "ಗಾಜು ಬಾಗೋದಿಲ್ಲ ನೋಡಿ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಒಡೆದುಹೋಗುತ್ತೆ. ಒಡೆಯಿತು ಅಂದ್ರೆ ಗೋಡೆ ಸರೀತಾ ಇದೆ ಅಂತ ಅರ್ಥ. ಆಗ ಎಲ್ಲರನ್ನೂ ಖಾಲಿ ಮಾಡಿಸ್ಬೇಕು" ಎಂದು ಪುರಸಭೆಯ ಗುಮಾಸ್ತನಿಗೆ ವಿವರಿಸಿದ. ಆ ಹೊತ್ತಿನಲ್ಲಿ ಗುಮಾಸ್ತ ಫೈಲಿನ ದಾರ ಮೇಜಿನ ಕೆಳಗೆ ಬಿದ್ದದ್ದನ್ನು ಬಗ್ಗಿ ಹುಡುಕುತ್ತಿದ್ದ. ದಾರ ಸಿಕ್ಕಿ ಅವನು ತಲೆ ಎತ್ತುವಾಗ ವಿವರಣೆ ಮುಗಿದು, ಫೈಲಿನಲ್ಲಿ ಒಂದು ಸಾಲು ಮಾತ್ರ ಉಳಿದಿತ್ತು: "ಪಟ್ಟಿ ಒಡೆದಲ್ಲಿ ತಕ್ಷಣ ಕ್ರಮ ಕೈಗೊಳ್ಳುವುದು." ಎಂಟನೇ ದಿನ ಎಂಜಿನಿಯರಿಗೆ ವರ್ಗವಾಯಿತು.

ಗಾಜಿನ ಪಟ್ಟಿ ಎಂದ ಮೇಲೆ ಒಂದಳತೆಗೆ ಕರೆ ಹೋಗಲೇಬೇಕಲ್ಲ. ಅವನು ಬಂದು, ಬಿರುಕಿನ ಆಚೆಗೊಂದು ಈಚೆಗೊಂದು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಅಳೆದ. ಹನ್ನೆರಡು ಇಂಚು. ಐದೂ ಕಡೆ ಅದೇ ಅಳತೆಗೆ ಚುಕ್ಕೆ ಇಟ್ಟು, ಐದು ಪಟ್ಟಿ ಕೊಯ್ದು, ತುದಿಗಳಿಗೆ ಪ್ಲಾಸ್ಟರ್ ಮೆತ್ತಿ ಕೂರಿಸಿದ. ಪಟ್ಟಿಯ ತುದಿ ಚುಕ್ಕೆಯ ಮೇಲೆ ಕೂತದ್ದು ನೋಡಿದರೆ ಚುಕ್ಕೆಯೂ ಪಟ್ಟಿಯೂ ಒಟ್ಟಿಗೇ ಹುಟ್ಟಿದ ಹಾಗಿತ್ತು. ಐದನೆಯ ಬಿರುಕು ಅಕ್ಕನ ಅಂಗಡಿಯೊಳಗೆ, ಕನ್ನಡಿಯ ಮೇಲ್ಗಡೆ. ಅಕ್ಕ ಏಣಿಯ ಬುಡಕ್ಕೆ ಕಾಲು ಕೊಟ್ಟು ಹಿಡಿದುಕೊಂಡು ನಿಂತಳು.

"ಏನೋ ಇದು? ಫೋಟೋಕ್ಕೆ ಗಾಜು ಹಾಕೋದು ಗೊತ್ತು, ಬಿರುಕಿಗೂ ಹಾಕ್ತಾರಾ?"

"ಹೂಂ."

"ಯಾಕಂತೆ?"

ಒಂದಳತೆ ಇಳಿದು, ಬಾಯಿಂದ ಪೆನ್ಸಿಲ್ ತೆಗೆದು, ನೀರು ಕುಡಿದ. "ನನಗೇನ್ ಗೊತ್ತಕ್ಕಾ. ಹಾಕು ಅಂದ್ರು, ಹಾಕ್ದೆ."

"ಒಳ್ಳೇದಾಯ್ತು ಬಿಡು. ಟೇಪು ನೇತು ಹಾಕೋಕೆ ಜಾಗ ಇರ್ಲಿಲ್ಲ" ಎಂದು ಅಕ್ಕ ಕುರ್ಚಿ ಹತ್ತಿ, ತನ್ನ ಹಳದಿ ಟೇಪನ್ನು ಆ ಪಟ್ಟಿಯ ಮೇಲೆ ಇಳಿಬಿಟ್ಟಳು.

ಇಪ್ಪತ್ತನೇ ದಿನಕ್ಕೆ ಐದೂ ಪಟ್ಟಿ ನಡುವೆ ಚಟಕ್ಕೆಂದು ಒಡೆದವು.

ಗುಮಾಸ್ತ ಫೈಲು ಬಿಚ್ಚಿದ. ತಕ್ಷಣ ಕ್ರಮ ಕೈಗೊಳ್ಳುವುದು. ಒಡೆದ ಗಾಜಿನ ಮೇಲೆ ಏನು ಕ್ರಮ ಕೈಗೊಳ್ಳಬಹುದು? ಹೊಸ ಗಾಜು ಹಾಕಿಸಬಹುದು. ಅವನು ಆ ಮಧ್ಯಾಹ್ನವೇ ಒಂದಳತೆಯನ್ನು ಕರೆಸಿ ಹೊಸ ಪಟ್ಟಿ ಹಾಕಿಸಿದ. ಪುರಸಭೆಯ ಚರಿತ್ರೆಯಲ್ಲಿ ದೂರು ಬಂದ ದಿನವೇ ಪರಿಹಾರವಾದ ಮೊದಲ ಪ್ರಸಂಗ ಅದು. ಅಧ್ಯಕ್ಷರು ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳಿಕೊಂಡರು. ಹದಿನೈದು ದಿನಕ್ಕೆ ಮತ್ತೆ ಒಡೆಯಿತು. ಮತ್ತೆ ತಕ್ಷಣ ಕ್ರಮ. ಹತ್ತು ದಿನಕ್ಕೆ ಮತ್ತೆ ಒಡೆಯಿತು. ಈ ಸಲ ಕ್ರಮ ಎಷ್ಟು ತಕ್ಷಣವೆಂದರೆ ಪ್ಲಾಸ್ಟರ್ ಒಣಗುವ ಮೊದಲೇ ಗುಮಾಸ್ತ ವರದಿ ಬರೆದು ಮುಗಿಸಿದ್ದ. ವರದಿಯ ಕೊನೆಯಲ್ಲಿ ಒಂದು ಕೊಕ್ಕೆಯನ್ನೂ ಸೇರಿಸಿದ್ದ: ಗಾಜಿನ ಗುಣಮಟ್ಟ ಸಾಲದು.

"ನೋಡಿ ಇವ್ರೇ," ಎಂದ ಒಂದಳತೆಗೆ, "ನಮ್ಮ ಮನೆ ಬೀರೂಗೆ ನಮ್ಮಪ್ಪ ಹಾಕ್ಸಿದ ಗಾಜು ನಲವತ್ತು ವರ್ಷದಿಂದ ಹಾಗೇ ಇದೆ. ನಿಮ್ಮದು ಹತ್ತು ದಿನ ತಡೆಯಲ್ಲ ಅಂದ್ರೆ ಏನ್ ಹೇಳೋದು? ದಪ್ಪಂದು ಹಾಕಿ."

ಒಂದಳತೆಗೆ ಮೈಯೆಲ್ಲ ಉರಿಯಿತು. ದಪ್ಪ ಗಾಜು ತಂದ. ಆಮೇಲೆ ಅದಕ್ಕಿಂತ ದಪ್ಪ. ಅಂಗಡಿಗಳ ಎದುರು ಬಾಗಿಲಿಗೆ ಹಾಕುವಂಥದ್ದು. ಅದೂ ಒಡೆಯಿತು. ಊರವರು ಈಗ ಅವನ ಅಂಗಡಿಯ ಮುಂದೆ ಹಾಯುವಾಗ ಉಸಿರು ಹಿಡಿದು, ಮೆಲ್ಲಗೆ ಹೆಜ್ಜೆ ಇಟ್ಟು ಗೇಲಿ ಮಾಡತೊಡಗಿದರು: "ಶ್! ಜೋರಾಗಿ ಕೆಮ್ಮಬೇಡ್ರೋ, ಒಡೆದುಹೋಗುತ್ತೆ."

ಆದರೆ ಅದಕ್ಕಿಂತ ದೊಡ್ಡ ಗಂಡಾಂತರ ಅವನೊಬ್ಬನಿಗೇ ಗೊತ್ತಿತ್ತು. ಮೂರನೇ ಸಲ ಪಟ್ಟಿ ಕೂರಿಸುವಾಗ ಅದರ ತುದಿ ಚುಕ್ಕೆಯನ್ನು ಮುಟ್ಟಲಿಲ್ಲ.

ಬೆಂಕಿಕಡ್ಡಿಯ ದಪ್ಪದಷ್ಟು ಕಮ್ಮಿ. ಬೇರೆಯವರ ಬಾಳಿನಲ್ಲಿ ಬೆಂಕಿಕಡ್ಡಿಯೆಂದರೆ ಬೆಂಕಿಕಡ್ಡಿ. ಒಂದಳತೆಯ ಬಾಳಿನಲ್ಲಿ ಅದು ಆಕಾಶ ಕಳಚಿ ಬಿದ್ದಂತೆ. ಇಪ್ಪತ್ತಾರು ವರ್ಷ ತಪ್ಪದ ಅಳತೆ ತಪ್ಪಿತ್ತು. ಅವನು ಸುತ್ತ ನೋಡಿ, ಕಳ್ಳನ ಹಾಗೆ ಆ ಸಂದಿಗೆ ಪ್ಲಾಸ್ಟರ್ ಮೆತ್ತಿ ಇಳಿದ. ನಾಲ್ಕನೇ ಸಲ ಪಟ್ಟಿ ಪೆನ್ಸಿಲ್ ದಪ್ಪದಷ್ಟು ಗಿಡ್ಡವಾಯಿತು. ಆ ರಾತ್ರಿ ಊಟ ಸೇರಲಿಲ್ಲ. "ನನ್ನ ಕಾಲ ಮುಗೀತು" ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ಹೆಂಡತಿ ಮರುದಿನವೇ ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಅಕ್ಷರ ಓದಿಸಿ, ದೀಪ ಬಿಟ್ಟು ನೋಡಿ, ಒಂದು ಕನ್ನಡಕ ಬರೆದುಕೊಟ್ಟರು. ಆ ಕನ್ನಡಕ ಹಾಕಿಕೊಂಡು ಅಕ್ಕನ ಅಂಗಡಿಗೆ ಹೋದಾಗ ಅಕ್ಕ ಹೊಲಿಯುವುದನ್ನು ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೋಡಿದಳು.

"ಬನ್ನಿ ಹೆಡ್‌ಮಾಸ್ಟರೇ. ಯಾವ ಶಾಲೆಯಿಂದ ಬಂದ್ರಿ?"

"ನಗಬೇಡಕ್ಕಾ. ಕಣ್ಣು ಹೋಗಿದೆ ನಂದು."

"ಕಣ್ಣು ಹೋಗಿದ್ರೆ ಚಿಂತೆಯಿಲ್ಲ ಕಣೋ. ನಿನಗೆ ಅದು ಬೇಕಿರೋದು ಒಂದೇ ಸಲ ತಾನೆ!"

ಕನ್ನಡಕ ಹಾಕಿಕೊಂಡು ಕೂರಿಸಿದ ಮುಂದಿನ ಪಟ್ಟಿಯಂತೂ ಬೆರಳಗಲ ಗಿಡ್ಡವಾಯಿತು. ಅದು ಇನ್ನೂ ಸ್ಪಷ್ಟವಾಗಿ ಕಂಡದ್ದೊಂದೇ ಕನ್ನಡಕದ ಪ್ರಯೋಜನ. ಮನೆಗೆ ಬಂದವನು ಆ ಸರದಿಯಲ್ಲಿ ಕೊಯ್ದು ಉಳಿದಿದ್ದ ಒಂದು ಪಟ್ಟಿಯನ್ನು ಊಟದ ಮೇಜಿನ ಮೇಲೆ ಹೆಣ ಇಟ್ಟ ಹಾಗೆ ಇಟ್ಟು, ಎದುರು ಕೂತುಬಿಟ್ಟ. ಹೆಂಡತಿಗೆ ತಾಳ್ಮೆ ಮುಗಿದಿತ್ತು. ನೇರ ಹೋಗಿ ಟೇಪು ತಂದು, ಪಟ್ಟಿಯ ಮೇಲೆ ಎಳೆದಳು.

"ಎಷ್ಟು ಕೊಯ್ಯಬೇಕು ಅಂತಿದ್ರಿ?"

"ಹನ್ನೆರಡು."

"ಹನ್ನೆರಡೇ ಇದೆ. ಕಣ್ಣು ಬಿಟ್ಟು ನೋಡಿ. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ."

ಒಂದಳತೆ ಪಟ್ಟಿ ನೋಡಿದ. ಟೇಪು ನೋಡಿದ. ಹೆಂಡತಿಯನ್ನು ನೋಡಿದ, ಎರಡು ಸಲ. ಪಟ್ಟಿ ಹನ್ನೆರಡೇ ಇದ್ದರೆ, ಮೊದಲು ಅಳೆದ ದಿನ ಚುಕ್ಕೆಗಳ ನಡುವೆ ಹನ್ನೆರಡೇ ಇದ್ದಿದ್ದರೆ, ಮತ್ತೆ ಈಗ ಪಟ್ಟಿ ಸಾಲದಿದ್ದರೆ, ತಾನು ಎಲ್ಲಿಯೂ ತಪ್ಪಿಲ್ಲ. ಚುಕ್ಕೆಗಳೇ ಒಂದನ್ನೊಂದು ಬಿಟ್ಟು ದೂರ ಹೋಗುತ್ತಿವೆ! ಕನ್ನಡಕವನ್ನು ಕಿತ್ತು ಮೇಜಿನ ಮೇಲಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಪುರಸಭೆಗೆ ಓಡಿದ.

ಅಧ್ಯಕ್ಷರ ಕೋಣೆಯಲ್ಲಿ ಆಗ ಚಹಾ ನಡೆದಿತ್ತು. ಒಂದಳತೆ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಮುಖದಲ್ಲಿ ಗಂಡು ಮಗು ಹುಟ್ಟಿದವನ ಕಳೆ.

"ಸ್ವಾಮೀ, ಸಂತೋಷದ ಸುದ್ದಿ! ಕಟ್ಟಡ ಬೀಳ್ತಾ ಇದೆ!"

ಅಧ್ಯಕ್ಷರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುಳುಗಿತು.

"ನನ್ನ ಅಳತೆ ಸರಿಯಾಗೇ ಇದೆ. ಗೋಡೆನೇ ಸರೀತಾ ಇರೋದು. ಬೆರಳಗಲ ಬಾಯಿ ಬಿಟ್ಟಿದೆ. ನನ್ನ ಗಾಜಿನ ತಪ್ಪಲ್ಲ, ನನ್ನ ಕಣ್ಣಿನ ತಪ್ಪಲ್ಲ, ಬೇಕಾದ್ರೆ ನಮ್ಮ ಮನೆಯವಳನ್ನ ಕೇಳಿ!"

ಗುಮಾಸ್ತ ಶಾಂತವಾಗಿ ಫೈಲಿನ ದಾರ ಬಿಗಿದ. "ಅದಕ್ಕೇನಂತೆ? ಮುಂದಿನ ಸಲ ಹದಿಮೂರು ಇಂಚು ಕೊಯ್ರಿ."

"ಅಲ್ಲ ಸ್ವಾಮಿ, ಗೋಡೆ..."

"ಗೋಡೆ ವಿಷಯ ಫೈಲಲ್ಲಿಲ್ಲ. ಪಟ್ಟಿ ವಿಷಯ ಇದೆ. ಪಟ್ಟಿ ಒಡೆದ್ರೆ ತಕ್ಷಣ ಕ್ರಮ. ಪ್ರತಿ ಸಲವೂ ತಗೊಂಡಿದೀವಿ."

ಅಧ್ಯಕ್ಷರು ಬಿಸ್ಕತ್ತನ್ನು ಚಮಚದಿಂದ ರಕ್ಷಿಸುತ್ತಾ ಬಹಳ ಹೊತ್ತು ಯೋಚಿಸಿದರು. ಅವರಿಗೆ ಒಂದು ಉಪಾಯ ಹೊಳೆಯಿತು. ಹೊಳೆದಾಗ ಅವರ ಮುಖವೇ ಬೆಳಗಿತು. "ಒಡೆಯೋ ಗಾಜು ಯಾಕೆ ಹಾಕ್ಬೇಕ್ರಯ್ಯಾ? ಒಡೆಯದೇ ಇರೋದು ಹಾಕಿ! ನಮ್ಮನೆ ಊಟದ ಮೇಜಿಗೆ ಹೊದಿಸಿದೀವಲ್ಲ, ಪಾರದರ್ಶಕ ಪ್ಲಾಸ್ಟಿಕ್ಕು. ಮಡಚಿದ್ರೂ ಮುರಿಯಲ್ಲ. ಮೊಮ್ಮಗ ಕಚ್ಚಿ ಎಳೆದಿದಾನೆ, ಏನೂ ಆಗಿಲ್ಲ."

ಒಂದಳತೆ, ತಾನು ಗಾಜಿನವನು, ಪ್ಲಾಸ್ಟಿಕ್ಕನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದಷ್ಟೇ ಹೇಳಿ ಹೊರಟ. ಮರುದಿನ ಪುರಸಭೆಯ ಜವಾನನೇ ಏಣಿ ಹತ್ತಿ ಐದು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ. ಒಂದು ವಾರ ಕಳೆಯಿತು. ಒಂದೂ ಒಡೆಯಲಿಲ್ಲ. "ಕಟ್ಟಡದ ಸ್ಥಿತಿಯಲ್ಲಿ ಗಮನಾರ್ಹ ಸುಧಾರಣೆ" ಎಂದು ಗುಮಾಸ್ತ ಬರೆದ. ಅಧ್ಯಕ್ಷರು ಬಿರುಕಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಬಿರುಕು ಬೆಳೆಯುವುದು ಮಕ್ಕಳು ಬೆಳೆದ ಹಾಗೆ, ದಿನಾ ನೋಡುವವರಿಗೆ ಕಾಣುವುದಿಲ್ಲ. ಒಂದಳತೆಗೆ ಮಾತ್ರ ಈಗ ಬೇರೇನೂ ಕಾಣುತ್ತಿರಲಿಲ್ಲ. ತನ್ನ ಅಳತೆ ಸರಿ ಎಂಬ ಹಿಗ್ಗು ಪುರಸಭೆಯ ಮೆಟ್ಟಿಲಿಳಿಯುವ ಹೊತ್ತಿಗೇ ಇಳಿದುಹೋಗಿತ್ತು. ಅಳತೆ ಸರಿಯಾದರೆ ಗೋಡೆ ಬೀಳುತ್ತದೆ. ಗೋಡೆ ಬಿದ್ದರೆ ಅದರ ಕೆಳಗೆ ಕಾಲುಮಿಷಿನ್ ತುಳಿಯುತ್ತಾ ಕೂತಿರುವವಳು ಅಕ್ಕ. ಜೀವನದಲ್ಲಿ ಮೊದಲ ಸಲ ತನ್ನ ಅಳತೆ ತಪ್ಪಾಗಿರಲಿ ಎಂದು ಅವನು ಹಂಬಲಿಸಿದ.

ಒಂದು ವಾರ ದಿನವೂ ಹೋಗಿ, ಅಂಗಡಿ ಖಾಲಿ ಮಾಡೆಂದು ಅಕ್ಕನನ್ನು ಬೇಡಿಕೊಂಡ. ಅಕ್ಕನ ಮುಂದೆ ಶಾಲೆಯ ಸಮವಸ್ತ್ರದ ರಾಶಿ. ಅರವತ್ತು ಷರಟು, ಶಾಲೆ ತೆರೆಯುವುದರೊಳಗೆ ಆಗಬೇಕು. ಅವಳು ಒಂದು ದಿನ ನಕ್ಕಳು, ಒಂದು ದಿನ ಬೈದಳು, ಒಂದು ದಿನ ಅವನ ಕೈಗೆ ಗುಂಡಿ ಹಾಕುವ ಕೆಲಸ ಕೊಟ್ಟು ಕೂರಿಸಿದಳು.

ಆ ಗುರುವಾರ ಮಧ್ಯಾಹ್ನ ಅವನು ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಎದುರಂಗಡಿಯಲ್ಲಿ ಕ್ಷೌರಿಕ ಒಬ್ಬ ದಪ್ಪನೆಯ ಗಿರಾಕಿಯ ಅರ್ಧ ಗಡ್ಡ ಮುಗಿಸಿದ್ದ.

"ಅಕ್ಕಾ, ಎದ್ದೇಳು. ನಮ್ಮನೆ ಪಡಸಾಲೆಲಿ ಮಿಷಿನ್ ಇಡೋಣ. ಅಲ್ಲೇ ಹೊಲಿ."

"ಇನ್ನೂ ಹನ್ನೊಂದು ಷರಟಿದೆ. ಆಮೇಲೆ ನೋಡೋಣ."

"ಗೋಡೆ ಸರೀತಾ ಇದೆ ಕಣಕ್ಕಾ."

"ಮೇಲೆ ನೋಡು. ಪಟ್ಟಿ ಒಡೆದಿದೆಯಾ? ಇಲ್ಲ. ನಿನ್ನ ಗಾಜು ತೆಗೆದು ಹಾಕಿದ ಮೇಲೆ ಗೋಡೆ ನೆಮ್ಮದಿಯಾಗಿದೆ."

"ಅದು ಪ್ಲಾಸ್ಟಿಕ್ಕು! ಅದು ಎಲ್ಲಿ ಒಡೆಯುತ್ತೆ? ನನ್ನ ಪಟ್ಟಿ ಹನ್ನೆರಡು ಇಂಚು, ಚುಕ್ಕೆಯಿಂದ ಚುಕ್ಕೆಗೆ ಸಾಲ್ತಾ ಇಲ್ಲ."

ಅಕ್ಕ ಷರಟಿನ ತೋಳನ್ನು ಸೂಜಿಯ ಕೆಳಗೆ ತಿರುಗಿಸಿದಳು. ಮಿಷಿನ್ ಕಟಕಟ ಓಡಿತು. "ಹಾಗಾದ್ರೆ ನೀನು ಮೊದಲ ದಿನ ಅಳೆದಿದ್ದೇ ತಪ್ಪು. ಅಷ್ಟು ಅನುಮಾನ ಇದ್ರೆ ಇನ್ನೊಂದ್ಸಲ ಅಳೆದು ನೋಡು ಹೋಗು. ನಾನು ದಿನಕ್ಕೆ ಮೂವತ್ತು ಸಲ ಅಳೀತೀನಿ, ನನಗೇನೂ ಆಗಿಲ್ಲ."

ಇದು ಅಕ್ಕ ಇಪ್ಪತ್ತಾರು ವರ್ಷದಿಂದ ಹೇಳುತ್ತಾ ಬಂದಿದ್ದ ಕುಚೋದ್ಯ. ಇದಕ್ಕೆ ತಮ್ಮ ಮೂತಿ ಉಬ್ಬಿಸಿ ಹೊರಡುವುದೂ, ಅವಳು ನಗುವುದೂ ವಾಡಿಕೆ. ಈ ಸಲ ಅವನು ಹೊರಡಲಿಲ್ಲ. ಒಂದು ಗಳಿಗೆ ಗೋಡೆಯನ್ನು ನೋಡಿದ. ಅಂಗಿಯ ತುದಿಗೆ ಅಂಗೈ ಒರೆಸಿಕೊಂಡ. ಏಣಿಯನ್ನು ಕನ್ನಡಿಯ ಪಕ್ಕಕ್ಕೆ ಒರಗಿಸಿದ. ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿದ.

ಮೊದಲ ಮೆಟ್ಟಿಲಿಗೆ ಅಕ್ಕ ನೋಡಲಿಲ್ಲ. ಎರಡನೆಯದಕ್ಕೆ ಓರೆಗಣ್ಣಿನಿಂದ ನೋಡಿದಳು. ನಾಲ್ಕನೆಯದಕ್ಕೆ ಮಿಷಿನ್ ನಿಂತಿತು. ಬುಡ ಹಿಡಿಯುವವರಿಲ್ಲದ ಏಣಿ ಸಣ್ಣಗೆ ನಡುಗುತ್ತಿತ್ತು.

"ಲೋ. ಏನ್ ಮಾಡ್ತಿದೀಯೋ?"

"ಹೂಂ."

"ಹೂಂ ಅಂದ್ರೆ? ಅದನ್ನ ಆಗ್ಲೇ ಅಳೆದಿದೀಯಲ್ಲೋ, ಅವತ್ತೇ!"

ಅವನು ಎಡಗಣ್ಣು ಮುಚ್ಚಿ ಟೇಪು ಎಳೆದ.

ಅಕ್ಕನ ಕೈಯಿಂದ ಷರಟು ಜಾರಿತು. ಪುರಸಭೆಯ ಫಲಕಕ್ಕೆ ಹೆದರದವಳು, ಉದುರುವ ಗಾರೆಗೆ ಹೆದರದವಳು, ತಮ್ಮನ ಕೈಯಲ್ಲಿ ಎರಡನೇ ಸಲ ಬಿಚ್ಚಿಕೊಂಡ ಟೇಪನ್ನು ಕಂಡು ಎದ್ದು ನಿಂತಳು. ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಓಡಿಹೋಗಿ ಏಣಿಯ ಬುಡ ಹಿಡಿದಳು.

"ಇಳಿಯೋ. ಇಳಿ ಕೆಳಗೆ. ಹೋಗೋಣ."

"ಹನ್ನೆರಡೂ ಮುಕ್ಕಾಲು" ಎಂದ ಒಂದಳತೆ, ಪೆನ್ಸಿಲಿನ ಸಂದಿಯಿಂದ.

"ಎಷ್ಟಾದ್ರೂ ಆಗ್ಲಿ, ಇಳಿ ಅಂದೆ!"

ತೆರೆದ ಬಾಗಿಲಿನಿಂದ ಇದನ್ನೆಲ್ಲ ಎದುರಂಗಡಿಯ ಕ್ಷೌರಿಕ ನೋಡಿದ್ದ. ಅವನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. "ಅಯ್ಯಯ್ಯೋ! ಒಂದಳತೆ ಎರಡನೇ ಸಲ ಅಳೀತಾ ಇದಾನೆ ಕಣ್ರೋ!" ಎಂದು ಅವನು ಕೂಗಿದ ಕೂಗು ಬಸ್‌ಸ್ಟ್ಯಾಂಡಿನವರೆಗೆ ಕೇಳಿತು. ಆರು ತಿಂಗಳು ನೇತಾಡಿದ ಫಲಕದಿಂದ ಆಗದ್ದು ಆ ಒಂದು ಕೂಗಿನಿಂದ ಆಯಿತು. ಅರ್ಧ ಗಡ್ಡದ ಗಿರಾಕಿ ಕೊರಳಿನ ಬಟ್ಟೆಯ ಸಮೇತ ಓಡಿದ. ಹಣ್ಣಿನ ಗಾಡಿ ತನ್ನ ಚಕ್ರದ ಮೇಲೆ ತಾನು ಹುಟ್ಟಿದಂದಿನಿಂದ ಕಾಣದ ವೇಗ ಕಂಡಿತು. ಬ್ಯಾಂಕಿನವರು ಶಟರ್ ಎಳೆದರು, ಔಷಧಿ ಅಂಗಡಿಯವನು ತಲೆನೋವಿನ ಮಾತ್ರೆ ಕೊಡುತ್ತಿದ್ದವನು ಮಾತ್ರೆಯನ್ನೂ ರೋಗಿಯನ್ನೂ ಬಿಟ್ಟು ಹಾರಿದ. ಎರಡು ನಿಮಿಷದಲ್ಲಿ ಬೀದಿ ಖಾಲಿ. ನಾಲ್ಕು ಜನ ಗಟ್ಟಿಗರು ಮಾತ್ರ ನುಗ್ಗಿ ಬಂದು ಕಾಲುಮಿಷಿನನ್ನು ಎತ್ತಿಕೊಂಡು ಓಡಿದರು. ಅಕ್ಕ ಷರಟಿನ ಮೂಟೆಯನ್ನು ಅಪ್ಪಿಕೊಂಡು ಹೊರಗೆ ಬಂದು ತಿರುಗಿ ನೋಡಿದರೆ, ತಮ್ಮ ಮತ್ತೆ ಒಳಕ್ಕೆ ಹೊರಟಿದ್ದ.

"ಎಲ್ಲಿಗೋ?"

"ಕನ್ನಡಿ ಅಕ್ಕಾ. ಒಳ್ಳೇ ಗಾಜು, ಈಗೆಲ್ಲ ಆ ತರ ಬರಲ್ಲ."

ಅಕ್ಕ ಮೂಟೆಯನ್ನು ಬಿಟ್ಟು ಅವನ ಕಿವಿ ಹಿಡಿದಳು. ಐವತ್ತು ದಾಟಿದ ಗಂಡಸನ್ನು, ಊರ ದಂತಕತೆಯನ್ನು, ಕಿವಿ ಹಿಡಿದು ಪೇಟೆಬೀದಿಯುದ್ದಕ್ಕೂ ಎಳೆದುಕೊಂಡು ಹೋದಳು. ಹಿಂದಿನಿಂದ ಒಬ್ಬ ಮೂಟೆ ಎತ್ತಿಕೊಂಡು ಓಡಿ ಬಂದ.

ಅವರು ಬೀದಿಯ ತಿರುವು ಮುಟ್ಟುವ ಮೊದಲೇ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಒಂದು ನಿಟ್ಟುಸಿರಿನಂಥ ಸದ್ದು. ಬಾಲ್ಕನಿ ಇಷ್ಟು ವರ್ಷ ಕದ್ದು ಕೇಳಿದ ಮಾತೆಲ್ಲ ಸಾಕೆನ್ನಿಸಿದಂತೆ ಬೀದಿಗೆ ಇಳಿಯಿತು. ಅದರ ಹಿಂದೆ ಮೂರನೇ ಅಂತಸ್ತು, ಎರಡನೆಯದು, ಮೊದಲನೆಯದು. ಮರ ಕೊನೆಯಲ್ಲಿ, ಎಲೆ ಬೀಸುತ್ತಾ ಬಂತು. ಧೂಳು ಅಡಗಿದಾಗ ಎಲ್ಲರೂ ಎಣಿಸಿಕೊಂಡರು. ಒಬ್ಬರಿಗೂ ತರಚಿರಲಿಲ್ಲ. ಹನ್ನೊಂದು ದಾಯಾದಿಗಳು ಮೊಟ್ಟಮೊದಲ ಬಾರಿಗೆ ಒಂದೇ ಕಡೆ ನಿಂತು, ಒಂದೇ ದಿಕ್ಕಿಗೆ ನೋಡಿದರು.

ಅವಶೇಷ ತೆಗೆಸುವಾಗ ಐದು ಪ್ಲಾಸ್ಟಿಕ್ ಪಟ್ಟಿಗಳೂ ಸಿಕ್ಕವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಗುಮಾಸ್ತ ಅವನ್ನು ತೊಳೆದು, ಒರೆಸಿ, "ಎಲ್ಲ ಪಟ್ಟಿಗಳೂ ಸುಸ್ಥಿತಿಯಲ್ಲಿವೆ, ಯಾವುದೇ ಕ್ರಮದ ಅಗತ್ಯವಿಲ್ಲ" ಎಂದು ಬರೆದು ಫೈಲಿನ ದಾರ ಕಟ್ಟಿದ.

ಅಕ್ಕ ಉಳಿದ ಹನ್ನೊಂದು ಷರಟನ್ನು ತಮ್ಮನ ಪಡಸಾಲೆಯಲ್ಲಿ ಕೂತು ಹೊಲಿದಳು. ತಿಂಗಳೊಳಗೆ ಅಂಚೆ ಕಚೇರಿಯ ಪಕ್ಕದಲ್ಲಿ ಹೊಸ ಅಂಗಡಿ ಸಿಕ್ಕಿತು. ಅಲ್ಲಿಗೆ ಹೊಸ ಕನ್ನಡಿ ಕೂರಿಸುವ ದಿನ ಅರ್ಧ ಊರೇ ಬಾಗಿಲಲ್ಲಿ ಸೇರಿತು. ಅಧ್ಯಕ್ಷರು ಹೂಮಾಲೆ ತಂದಿದ್ದರು. ಹೆಡ್‌ಮಾಸ್ಟರರು ಮೈಕು ಸಿಗದಿದ್ದರೂ ಎದೆಗುಂದದೆ ಮಾತಾಡಿದರು. ತನ್ನನ್ನು ತಾನು ನಂಬುವುದು ದೊಡ್ಡದು; ಆದರೆ ಸಮಯ ಬಂದಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಇನ್ನೂ ದೊಡ್ಡದು; ಈ ಎರಡೂ ಒಂದೇ ಎದೆಯಲ್ಲಿ ಕೂಡಿರುವುದು ಲೋಕದಲ್ಲಿ ಅಪರೂಪ. ಜನ ಚಪ್ಪಾಳೆ ತಟ್ಟಿದರು. ಕ್ಷೌರಿಕ ಕಣ್ಣೊರೆಸಿಕೊಂಡ, ಆಮೇಲೆ ಒಂದಳತೆಯ ಕೈ ಇನ್ನೂ ಬಿದ್ದುಹೋಗಿಲ್ಲವೇ ಎಂದು ಇಣುಕಿ ನೋಡಿದ.

ಒಂದಳತೆ ಅಷ್ಟು ಹೊತ್ತೂ ಏಣಿಯ ಮೇಲಿದ್ದ. ಅಕ್ಕ ಬುಡಕ್ಕೆ ಕಾಲು ಕೊಟ್ಟು ನಿಂತಿದ್ದಳು. ಅವನು ಕೊನೆಯ ತಿರುಪು ಬಿಗಿದು, ಒಂದೊಂದೇ ಮೆಟ್ಟಿಲು ತಡಕಾಡುತ್ತಾ ಇಳಿದು, ಬಾಯಿಂದ ಪೆನ್ಸಿಲ್ ತೆಗೆದು, ಅಕ್ಕ ಕೊಟ್ಟ ನೀರು ಗಟಗಟ ಕುಡಿದ.

"ಇವತ್ತಾದ್ರೂ ಬಾಯಿಬಿಟ್ಟು ಹೇಳಪ್ಪ," ಎಂದರು ಹೆಡ್‌ಮಾಸ್ಟರರು, ಅವನ ಹೆಗಲ ಮೇಲೆ ಕೈಯಿಟ್ಟು. "ಇಪ್ಪತ್ತಾರು ವರ್ಷ. ಎಡಗಣ್ಣು ಮುಚ್ಚಿ, ಒಂದೇ ಒಂದು ಸಲ. ಇದರ ಹಿಂದೆ ಇರೋ ಸಾಧನೆ ಏನು?"

 ಒಂದಳತೆ ಪೆನ್ಸಿಲನ್ನು ಕೈಯಲ್ಲಿ ತಿರುಗಿಸಿದ. ಅದರ ಮೈತುಂಬ ಹಲ್ಲಿನ ಗುರುತು.

"ಗಾಜು ಕೂರಿಸೋಕೆ ಹೇಗೂ ಹತ್ತಲೇಬೇಕು ಸಾರ್. ಅಳೆಯೋಕೂ ಅಂತ ಎರಡೆರಡು ಸಲ ಹತ್ತೋಕೆ ನನ್ನ ಕೈಲಾಗಲ್ಲ. ನನಗೆ ಏಣಿ ಅಂದ್ರೆ ಭಯ."